ಮೂರನೇ ಸಲವೂ ಫೇಲಾದ ಸಿಸ್ಟರ್

ಯಲಬುರ್ಗಾ ತಾಲ್ಲೂಕಿನ ಒಂದು ಮನೆ ಎಂದಿಟ್ಟುಕೊಳ್ಳಿ. ಆರೆಕರೆ ಎರೆಹೊಲ. ಮಳೆ ಬಂದ ವರ್ಷ ಜೋಳ, ಕಡಲೆ. ಬಾರದ ವರ್ಷ ಗಂಗಾವತಿ ಕಡೆಯ ಗದ್ದೆಗೋ ಇನ್ನೂ ದೂರದ ಊರಿಗೋ ದುಡಿಯಲು ಹೋಗುವುದು. ಆ ಮನೆಯ ಹಿರಿಯ ಮಗಳು ಊರಿನ ಕನ್ನಡ ಶಾಲೆಯಲ್ಲಿ ಕಲಿತು, ಕೊಪ್ಪಳದಲ್ಲಿ ಪಿಯುಸಿ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದ್ದಾಳೆ. ಎಲ್ಲ ವರ್ಷವೂ ಪ್ರಥಮ ದರ್ಜೆ. ಕೌನ್ಸಿಲ್ಲಿನ ನೋಂದಣಿ ಆಗಿದೆ, ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿದೆ. ಅಮೆರಿಕಕ್ಕೆ ಹೋಗುವ ಆಸೆಯಿಂದ ಆ ದೇಶದ ಲೈಸೆನ್ಸ್ ಪರೀಕ್ಷೆಗೆ ಕೂತಳು. ಫೇಲು. ಮತ್ತೆ ಕೂತಳು. ಫೇಲು. ಮೂರನೇ ಸಲದ ಫಲಿತಾಂಶ ಬಂದ ಸಂಜೆ ಅಪ್ಪನಿಗೆ ಫೋನು ಮಾಡುತ್ತಾಳೆ.

“ಏನಾತವಾ?”

“ಈ ಸಲಾನೂ ಆಗಲಿಲ್ಲಪ್ಪಾ.”

“ಎಷ್ಟು ಮಾರ್ಕಿನಾಗ ಹೋತು?”

ಆ ಕಡೆ ಮಾತಿಲ್ಲ. ಮಗಳು ಅಳುತ್ತಿದ್ದಾಳೆಂದು ಅಪ್ಪ ತಿಳಿಯುತ್ತಾನೆ. ಅಳುತ್ತಿರುವುದೂ ನಿಜವೇ. ಆದರೆ ಅವಳು ಸುಮ್ಮನಾದದ್ದಕ್ಕೆ ಇನ್ನೊಂದು ಕಾರಣವಿದೆ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಆ ಪರೀಕ್ಷೆಯಲ್ಲಿ ಮಾರ್ಕು ಕೊಡುವುದಿಲ್ಲ.

ಇದು ಯಾವುದೋ ಒಂದು ನಿಜವಾದ ಮನೆಯ ಕಥೆಯಲ್ಲ. ವಿಷಯ ತಿಳಿಯಲೆಂದು ಜೋಡಿಸಿದ ಚಿತ್ರ. ಯಲಬುರ್ಗಾ ಬಿಟ್ಟು ಕುಷ್ಟಗಿ ಎಂದರೂ, ಗಂಗಾವತಿಯ ಕ್ಯಾಂಪೊಂದರ ಹೆಸರು ಹೇಳಿದರೂ ಚಿತ್ರ ಬದಲಾಗದು. ಮಗಳ ಬದಲು ಮಗ ಎಂದರೂ ಅಷ್ಟೆ. ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ದೇಶದಲ್ಲೇ ಇಂಥ ಕಾಲೇಜುಗಳು ಅತಿ ಹೆಚ್ಚು ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಓದಿ ಮುಗಿಸಿದವರಲ್ಲಿ ಹೊರದೇಶದ ಕನಸು ಕಾಣುವವರೂ ಹೆಚ್ಚುತ್ತಿದ್ದಾರೆ. ಆ ಕನಸಿನ ಬಾಗಿಲಲ್ಲಿ ನಿಂತಿರುವುದು ಇಂಥ ಪರೀಕ್ಷೆ. ಅದರಲ್ಲಿ ಒಮ್ಮೆ ಅಲ್ಲ, ಎರಡು ಮೂರು ಸಲ ಸೋಲುವುದು ಅಪರೂಪವೇನಲ್ಲ. ಆದರೆ ಸೋತವರು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಾನೊಬ್ಬಳೇ ಸೋತವಳು ಎಂದುಕೊಳ್ಳುತ್ತಾರೆ.

ಇಲ್ಲಿಲ್ಲದ ಪರೀಕ್ಷೆ

ಮೊದಲಿಗೆ ಪಾಲಕರು ತಿಳಿಯಬೇಕಾದ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ನರ್ಸ್ ಆಗಲು ಪ್ರತ್ಯೇಕ ಲೈಸೆನ್ಸ್ ಪರೀಕ್ಷೆ ಬರೆಯುವ ರೂಢಿ ಇಲ್ಲ. ಜಿ.ಎನ್.ಎಂ. ಆಗಲಿ ಬಿ.ಎಸ್ಸಿ. ನರ್ಸಿಂಗ್ ಆಗಲಿ, ಕೊನೆಯ ವರ್ಷದ ಪರೀಕ್ಷೆ ಪಾಸಾದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೆ ಕೆಲಸ ಮಾಡಲು ಅರ್ಹರು. ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣ ಇರಲೆಂದು 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಅದರ ಜಾಗಕ್ಕೆಂದು ಸಂಸತ್ತು 2023ರಲ್ಲಿ ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿದೆ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಕಾಲೇಜಿನ ಪದವಿ ಬೇರೆ, ರೋಗಿಯ ಮೈ ಮುಟ್ಟುವ ಅಧಿಕಾರ ಬೇರೆ. ಅಲ್ಲಿಯೇ ಹುಟ್ಟಿ ಬೆಳೆದು ಓದಿದವರೂ ಎನ್‌ಕ್ಲೆಕ್ಸ್ ಎಂದು ಕರೆಯುವ ಪರೀಕ್ಷೆ ಪಾಸು ಮಾಡಲೇಬೇಕು. 1982ರಲ್ಲಿ ಈ ಹೆಸರಿನಿಂದ ಶುರುವಾದ ಪರೀಕ್ಷೆ 1994ರಲ್ಲಿ ಕಾಗದ, ಪೆನ್ಸಿಲ್ ಬಿಟ್ಟು ಕಂಪ್ಯೂಟರಿಗೆ ಹೋಯಿತು. ಕೆನಡಾ 2015ರಿಂದ ಇದನ್ನೇ ಒಪ್ಪಿಕೊಂಡಿದೆ. ಆಸ್ಟ್ರೇಲಿಯಾ ಕೂಡ ಹೊರಗಿನಿಂದ ಬರುವ ಅನೇಕ ನರ್ಸುಗಳಿಗೆ 2020ರಿಂದ ಇದೇ ಪರೀಕ್ಷೆ ಇಟ್ಟಿದೆ. ಮೊದಲು ಇದನ್ನು ಬರೆಯಲು ಅಮೆರಿಕದ ನೆಲಕ್ಕೇ ಹೋಗಬೇಕಿತ್ತು. ಪೆಸಿಫಿಕ್ ಸಾಗರದ ಗುವಾಮ್, ಸೈಪಾನ್ ದ್ವೀಪಗಳಿಗೆ ಪರೀಕ್ಷೆಗಾಗಿಯೇ ವಿಮಾನ ಹತ್ತಿ ಹೋಗಿಬಂದ ಏಷ್ಯಾದ ನರ್ಸುಗಳಿದ್ದಾರೆ. 2005ರಲ್ಲಿ ಲಂಡನ್, ಹಾಂಗ್‌ಕಾಂಗ್, ಸೋಲ್ ನಗರಗಳಲ್ಲಿ ಕೇಂದ್ರ ತೆರೆದರು. ಮರುವರ್ಷ ಭಾರತಕ್ಕೂ ಬಂತು. ಹಾಗಾಗಿ ಇಂದು ಕೊಪ್ಪಳದ ಹುಡುಗಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬರಬಹುದು.

ಕೊಲ್ಲಿ ದೇಶಗಳಿಗೂ ಅವುಗಳದೇ ಕಂಪ್ಯೂಟರ್ ಪರೀಕ್ಷೆಗಳಿವೆ. ಇಂಗ್ಲೆಂಡಿನದು ಎರಡು ಹಂತ: ಮೊದಲನೆಯದು ಕಂಪ್ಯೂಟರಿನಲ್ಲಿ, ಇಲ್ಲಿಂದಲೇ, ಎರಡನೆಯದು ಅಲ್ಲಿಗೆ ಹೋಗಿ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಎಲ್ಲದರ ವಿವರ ಇಲ್ಲಿ ಬೇಡ. ಹೆಚ್ಚು ಜನರನ್ನು ಹೆಚ್ಚು ಸಲ ಬೀಳಿಸುವ ಎನ್‌ಕ್ಲೆಕ್ಸನ್ನೇ ನೋಡೋಣ.

ತಕ್ಕಡಿಯ ಲೆಕ್ಕ

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಎರಡು ತಟ್ಟೆಯ ತಕ್ಕಡಿ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಒಂದು ತಟ್ಟೆಯಲ್ಲಿ ತೂಕ ಗೊತ್ತಿಲ್ಲದ ಕಲ್ಲು. ಇನ್ನೊಂದರಲ್ಲಿ 50 ಗ್ರಾಂ ಬಟ್ಟು ಇಟ್ಟಿರಿ. ಬಟ್ಟಿನ ತಟ್ಟೆ ಕೆಳಗೆ ಹೋಯಿತು. ತೆಗೆದು 20 ಇಟ್ಟಿರಿ; ಮೇಲೆ ಬಂತು. 10 ಸೇರಿಸಿದಿರಿ, ಇನ್ನೂ ಮೇಲೆ. 5, ಆಮೇಲೆ 2. ಹೀಗೆ ಆಚೀಚೆ ಆಡುತ್ತಾ ಆಡುತ್ತಾ ಮುಳ್ಳು ನಡುವೆ ನಿಲ್ಲುತ್ತದೆ. ಆಗ ಕಲ್ಲಿನ ತೂಕ ಇಷ್ಟು ಎಂದು ಬರೆದುಕೊಳ್ಳುತ್ತೀರಿ.

ಎನ್‌ಕ್ಲೆಕ್ಸ್‌ನ ಕಂಪ್ಯೂಟರ್ ಮಾಡುವುದೂ ಇದನ್ನೇ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಸ್ವಲ್ಪ ಕಠಿಣ; ತಪ್ಪಾದರೆ ಸ್ವಲ್ಪ ಸುಲಭ. ಅಭ್ಯರ್ಥಿಯ ಸಾಮರ್ಥ್ಯದ ತೂಕ ಎಲ್ಲಿ ನಿಲ್ಲುತ್ತದೆಂದು ಹುಡುಕುತ್ತಾ ಹೋಗುತ್ತದೆ. ಪಾಸಿನ ಗೆರೆ ಮೊದಲೇ ಗೊತ್ತುಮಾಡಿದ್ದು. ಈಕೆ ಗೆರೆಯ ಮೇಲಿದ್ದಾಳೆ ಅಥವಾ ಕೆಳಗಿದ್ದಾಳೆ ಎಂದು ನೂರಕ್ಕೆ 95ರಷ್ಟು ಖಾತ್ರಿಯಾದ ಕೂಡಲೇ ಪರದೆ ಆರಿಹೋಗುತ್ತದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಹೆಚ್ಚೆಂದರೆ ಐದು ಗಂಟೆ. ಒಮ್ಮೆ ಉತ್ತರಿಸಿದ ಪ್ರಶ್ನೆಗೆ ಹಿಂದಿರುಗುವಂತಿಲ್ಲ. 2023ರ ಏಪ್ರಿಲ್‌ನಿಂದ ಒಬ್ಬ ರೋಗಿಯ ಪೂರ್ತಿ ಕಡತ ಕೊಟ್ಟು ಅದರ ಮೇಲೆ ಆರಾರು ಪ್ರಶ್ನೆ ಕೇಳುವ ಹೊಸ ಬಗೆಯೂ ಸೇರಿದೆ.

ಇದರಿಂದ ಎರಡು ವಿಚಿತ್ರಗಳು ಹುಟ್ಟುತ್ತವೆ. ಚೆನ್ನಾಗಿ ಉತ್ತರಿಸಿದಷ್ಟೂ ಪ್ರಶ್ನೆ ಕಠಿಣವಾಗುತ್ತದಾದ್ದರಿಂದ ಜಾಣೆಗೂ ಸಾಧಾರಣಳಿಗೂ ಹೆಚ್ಚುಕಡಿಮೆ ಅರ್ಧದಷ್ಟು ಉತ್ತರಗಳು ತಪ್ಪುತ್ತವೆ. ನೂರಕ್ಕೆ ಎಂಬತ್ತು ತೆಗೆದು ಅಭ್ಯಾಸವಾದವರಿಗೆ ಇದು ದಿಕ್ಕು ತಪ್ಪಿಸುವ ಅನುಭವ. ಹತ್ತು ಪ್ರಶ್ನೆಯಲ್ಲಿ ಐದು ಗೊತ್ತಾಗದಿದ್ದರೆ “ಮುಗೀತು” ಎಂದು ಎದೆ ಒಡೆದುಕೊಳ್ಳುತ್ತಾರೆ, ಆ ಗಾಬರಿಯಲ್ಲಿ ಗೊತ್ತಿದ್ದದ್ದನ್ನೂ ಕೆಡಿಸುತ್ತಾರೆ. ಎರಡನೆಯದು, 85ಕ್ಕೇ ನಿಂತರೆ ಪಾಸು, 150ರವರೆಗೆ ಹೋದರೆ ಫೇಲು ಎಂಬ ಹಾಸ್ಟೆಲ್ ನಂಬಿಕೆ. ಅದರಲ್ಲಿ ಹುರುಳಿಲ್ಲ. ಬೇಗ ನಿಂತದ್ದು ಖಾತ್ರಿಯ ಗುರುತು ಅಷ್ಟೆ, ಪಾಸೆಂಬ ಖಾತ್ರಿಯೂ ಆಗಬಹುದು, ಫೇಲೆಂಬ ಖಾತ್ರಿಯೂ ಆಗಬಹುದು. ಕೊನೆಯವರೆಗೆ ಹೋದವಳು ಗೆರೆಯ ಅಕ್ಕಪಕ್ಕದಲ್ಲೇ ತೂಗಾಡುತ್ತಿದ್ದಳು ಎಂದರ್ಥ.

ಅಪ್ಪ ಕೇಳಿದ “ಎಷ್ಟು ಮಾರ್ಕಿನಾಗ ಹೋತು” ಎಂಬ ಪ್ರಶ್ನೆಗೆ ಹತ್ತಿರದ ಉತ್ತರ ಸಿಗುವುದು ಫೇಲಾದವರಿಗೆ ಮಾತ್ರ ಕಳಿಸುವ ಒಂದು ವರದಿಯಲ್ಲಿ. ಪರೀಕ್ಷೆಯ ಎಂಟು ವಿಭಾಗಗಳಲ್ಲಿ ಅಭ್ಯರ್ಥಿ ಪಾಸಿನ ಗೆರೆಗಿಂತ ಮೇಲಿದ್ದಾಳೋ, ಸಮೀಪದಲ್ಲಿದ್ದಾಳೋ, ಕೆಳಗಿದ್ದಾಳೋ ಎಂದು ಅದು ತಿಳಿಸುತ್ತದೆ. ಆ ಕಾಗದವನ್ನು ಸಿಟ್ಟಿನಿಂದ ಹರಿದೊಗೆಯುವವರೇ ಹೆಚ್ಚು. ಮುಂದಿನ ಪ್ರಯತ್ನಕ್ಕೆ ಅದಕ್ಕಿಂತ ಬೆಲೆಬಾಳುವ ಪುಸ್ತಕ ಯಾವ ಅಂಗಡಿಯಲ್ಲೂ ಸಿಗದು.

ಫಸ್ಟ್ ಕ್ಲಾಸ್ ಬಂದವರೂ ಏಕೆ ಬೀಳುತ್ತಾರೆ?

ಅಮೆರಿಕದಲ್ಲೇ ಓದಿ ಮೊದಲ ಸಲ ಬರೆಯುವವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಪಾಸಾಗುತ್ತಾರೆ. ಹೊರದೇಶಗಳಲ್ಲಿ ಓದಿ ಮೊದಲ ಸಲ ಬರೆಯುವವರಲ್ಲಿ ಸುಮಾರು ಅರ್ಧದಷ್ಟು. ಎರಡನೇ, ಮೂರನೇ ಸಲ ಬರೆಯುವವರಲ್ಲಿ ಅದಕ್ಕಿಂತ ಕಡಿಮೆ. ಹಾಗೆಂದರೆ ನಮ್ಮವರು ದಡ್ಡರೆಂದಲ್ಲ. ನಾವು ಕಲಿಸುವ ರೀತಿಗೂ ಅವರು ಕೇಳುವ ರೀತಿಗೂ ನಡುವೆ ಹೊಳೆ ಹರಿಯುತ್ತಿದೆ.

ನಮ್ಮ ಪ್ರಶ್ನೆಪತ್ರಿಕೆ ಹೇಗಿರುತ್ತದೆ? ಮೂಳೆ ಮುರಿತ ಎಂದರೇನು, ಅದರ ವಿಧಗಳು ಯಾವುವು, ಶುಶ್ರೂಷೆಯನ್ನು ವಿವರಿಸಿ. ಹತ್ತು ಅಂಕ. ನೋಟ್ಸ್ ಬಾಯಿಪಾಠ ಮಾಡಿದವಳು ನಾಲ್ಕು ಪುಟ ಬರೆದು ಒಂಬತ್ತು ಅಂಕ ತರುತ್ತಾಳೆ. ಅಲ್ಲಿಯ ಪ್ರಶ್ನೆ ಈ ಧಾಟಿಯದು: ನಿಮ್ಮ ವಾರ್ಡಿನಲ್ಲಿ ನಾಲ್ವರು ರೋಗಿಗಳಿದ್ದಾರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾದವರು ನೋವಿನ ಮಾತ್ರೆ ಕೇಳುತ್ತಿದ್ದಾರೆ. ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ 180 ಇದೆ. ನಿನ್ನೆ ತೊಡೆ ಮೂಳೆ ಮುರಿದ ಯುವಕ ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತಾ ಏನೇನೋ ಮಾತಾಡುತ್ತಿದ್ದಾನೆ. ನಾಲ್ಕನೆಯವರು ಮನೆಗೆ ಹೋಗಲು ಬಟ್ಟೆ ಕಟ್ಟಿಕೊಂಡು ಕಾಗದಕ್ಕಾಗಿ ಕಾಯುತ್ತಿದ್ದಾರೆ. ಮೊದಲು ಯಾರ ಬಳಿಗೆ ಹೋಗುತ್ತೀರಿ?

ಉತ್ತರ ಯುವಕ. ಮುರಿದ ಮೂಳೆಯೊಳಗಿನ ಕೊಬ್ಬಿನ ಕಣಗಳು ರಕ್ತದಲ್ಲಿ ಸೇರಿ ಶ್ವಾಸಕೋಶದ ನಾಳಗಳಿಗೆ ಅಡ್ಡವಾಗಿರಬಹುದು. ನಿಮಿಷಗಳ ಮಾತು ಅದು. ಮುರಿತದ ತೊಂದರೆಗಳ ಪಟ್ಟಿ ಬಾಯಿಪಾಠ ಇರುವ ಹುಡುಗಿಗೂ ಈ ಹೆಸರು ಗೊತ್ತು. ಆದರೆ ಪಟ್ಟಿಯಲ್ಲಿ ಐದನೆಯದಾಗಿ ಬರೆದ ಸಾಲು ಹಾಸಿಗೆಯ ಮೇಲೆ ಏದುಸಿರು ಬಿಡುವ ಮನುಷ್ಯನಾಗಿ ಎದುರು ಬಂದಾಗ ಗುರುತಿಸುವುದು ಬೇರೆಯೇ ವಿದ್ಯೆ. ವಾರ್ಡಿನಲ್ಲಿ ನಾಲ್ಕು ವರ್ಷ ದುಡಿದ ಸಿಸ್ಟರ್‌ಗೆ ಆ ವಿದ್ಯೆ ಕೈಯಲ್ಲಿರುತ್ತದೆ, ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಅದನ್ನು ಬಿಟ್ಟು ನೋಟ್ಸಿಗೆ ಓಡುತ್ತಾಳೆ!

ಔಷಧಿಗಳ ಹೆಸರಿನದೊಂದು ಸಣ್ಣ, ಆದರೆ ಕಾಲಿಗೆ ತೊಡರುವ ಮುಳ್ಳು. ನಾವು ಪ್ಯಾರಸಿಟಮಾಲ್ ಎನ್ನುವುದನ್ನು ಅವರು ಅಸಿಟಾಮಿನೋಫೆನ್ ಎನ್ನುತ್ತಾರೆ. ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಪೆಥಿಡಿನ್ ಅಲ್ಲಿ ಮೆಪೆರಿಡಿನ್. ದಿನಾ ಕೈಯಲ್ಲಿ ಹಿಡಿಯುವ ಔಷಧಿಯೇ ಪರದೆಯ ಮೇಲೆ ಅಪರಿಚಿತರಂತೆ ಕಂಡರೆ ಏನು ಮಾಡುವುದು? ಕೆಲಸ ಹಂಚುವ ಪ್ರಶ್ನೆಗಳೂ ಹೀಗೆಯೇ. ಯಾವ ಕೆಲಸ ನರ್ಸ್ ತಾನೇ ಮಾಡಬೇಕು, ಯಾವುದನ್ನು ಸಹಾಯಕರಿಗೆ ಒಪ್ಪಿಸಬಹುದು ಎಂದು ಅಲ್ಲಿ ಪದೇ ಪದೇ ಕೇಳುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಮನೆಯವರ ಪಾಲಿಗೆ ಬಂದುಬಿಟ್ಟಿರುತ್ತದೆ. ಡಾಕ್ಟರ್ ಬರೆದ ಪ್ರಮಾಣ ಹೆಚ್ಚಾಯಿತೆನಿಸಿದರೆ ಔಷಧಿ ಕೊಡದೆ ತಡೆದು ಡಾಕ್ಟರರನ್ನೇ ಕೇಳಬೇಕೆಂಬುದು ಅಲ್ಲಿಯ ಸರಿಯುತ್ತರ. “ದೊಡ್ಡವರು ಬರೆದಾರ, ನಾ ಯಾಕ ಕೇಳ್ಲಿ” ಎಂಬ ನಮ್ಮ ವಿನಯ ಅಲ್ಲಿ ತಪ್ಪುತ್ತರ.

ಇದಕ್ಕಿಂತ ಸೋಜಿಗದ್ದು ಸಾಂತ್ವನದ ಪ್ರಶ್ನೆಗಳು. ನಾಳೆ ಆಪರೇಷನ್ ಇರುವ ಹೆಂಗಸು “ನನಗ ಅಂಜಿಕಿ ಆಗೇತಿ” ಎನ್ನುತ್ತಾಳೆ. ನರ್ಸ್ ಏನು ಹೇಳಬೇಕು? ನಮ್ಮ ಬಾಯಿಗೆ ತಟ್ಟನೆ ಬರುವುದು “ಏನೂ ಆಗಂಗಿಲ್ಲ ಬಿಡ್ರಿ, ಡಾಕ್ಟರು ಭಾಳ ಶಾಣ್ಯಾ ಅದಾರ.” ಎನ್‌ಕ್ಲೆಕ್ಸ್‌ನಲ್ಲಿ ಇದು ತಪ್ಪುತ್ತರ. ಇಲ್ಲದ ಭರವಸೆ ಕೊಟ್ಟು ಆಕೆಯ ಬಾಯಿ ಮುಚ್ಚಿಸಿದಂತಾಯಿತು ಎಂಬುದು ಅವರ ವಾದ. “ಯಾವುದಕ್ಕೆ ಅಂಜಿಕೆ ಆಗ್ತದ, ಹೇಳ್ರಿ” ಎಂದು ಕೂತು ಕೇಳುವುದು ಸರಿಯುತ್ತರ. ಮನಸ್ಸಿಗೆ ಸಂಬಂಧಿಸಿದ ವಿಭಾಗದಲ್ಲಿ ನಮ್ಮ ಒಳ್ಳೆಯ ಮನಸ್ಸಿನ ಹುಡುಗಿಯರು ಎಡವುವುದು ಇಂಥಲ್ಲಿ.

ಭಾಷೆಯ ಮಾತು ಬಿಡುವಂತಿಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತವಳು ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದು, ಅರ್ಥಕ್ಕಿಂತ ಬಾಯಿಪಾಠ ಸುಲಭವೆಂದು ಕಂಡುಕೊಂಡಿರುತ್ತಾಳೆ. ತಪ್ಪು ಆಕೆಯದಲ್ಲ. ಆದರೆ ಐದು ಗಂಟೆಯ ಪರೀಕ್ಷೆಯಲ್ಲಿ ‘ಮೊದಲು’, ‘ಹೊರತು’, ‘ಇನ್ನೂ ವಿವರಿಸಿ ಹೇಳಬೇಕಾದುದು ಯಾರಿಗೆ’ ಎಂಬಂಥ ಒಂದೊಂದು ಪದ ಕಣ್ತಪ್ಪಿದರೆ ಪ್ರಶ್ನೆಯೇ ತಿರುವುಮುರುವು. ನರ್ಸಿಂಗ್‌ಗೆ ಹೋಗಬೇಕೆಂದಿರುವ ಪಿಯುಸಿ ಮಕ್ಕಳು ದಿನಕ್ಕೆ ಒಂದು ಪುಟ ಇಂಗ್ಲಿಷ್ ಓದಿ ಅದರ ಸಾರವನ್ನು ಕನ್ನಡದಲ್ಲಿ ಮನೆಯವರಿಗೆ ಹೇಳುವ ಅಭ್ಯಾಸವನ್ನು ಈಗಲೇ ಮಾಡಿಕೊಂಡರೆ ಮುಂದಿನ ಎಷ್ಟೋ ಕಷ್ಟ ತಪ್ಪುತ್ತದೆ.

ಅದೇ ಕಲ್ಲನ್ನು ಮತ್ತೆ ತೂಗಿದರೆ

ಫೇಲಾದವರು 45 ದಿನ ಕಳೆದ ಮೇಲೆ ಮತ್ತೆ ಬರೆಯಬಹುದು. ಎಷ್ಟು ಸಲ ಎಂಬುದು ಅಮೆರಿಕದ ಯಾವ ರಾಜ್ಯಕ್ಕೆ ಅರ್ಜಿ ಹಾಕಿದ್ದೀರಿ ಎಂಬುದರ ಮೇಲೆ ನಿಂತಿದೆ. ನ್ಯೂಯಾರ್ಕ್ ರಾಜ್ಯ ಮಿತಿ ಇಟ್ಟಿಲ್ಲ. ಫ್ಲಾರಿಡಾದಲ್ಲಿ ಮೂರು ಸಲ ಸೋತವರು ಮತ್ತೊಂದು ತರಬೇತಿ ಮುಗಿಸಿಯೇ ಬರಬೇಕು. ಈ 45 ದಿನ ಎಂಬುದು ಬಹಳ ಜನರನ್ನು ಕೆಡಿಸುವ ಅಂಕಿ. 46ನೇ ದಿನಕ್ಕೇ ತಾರೀಖು ತೆಗೆದುಕೊಂಡು, ಅದೇ ಪುಸ್ತಕವನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ಓದಿ, ಅದೇ ಕೇಂದ್ರಕ್ಕೆ ಹೋಗುತ್ತಾರೆ. ತಕ್ಕಡಿಯಲ್ಲಿ ನಿನ್ನೆ ತೂಗಿದ ಕಲ್ಲನ್ನೇ ಇಂದು ಮತ್ತೆ ಇಟ್ಟರೆ ಮುಳ್ಳು ಬೇರೆಲ್ಲಿ ನಿಂತೀತು? ‘ಈ ಸಲ ಅದೃಷ್ಟ ಕೈಕೊಟ್ಟಿತು’ ಎಂಬ ಮಾತಿಗೆ ಈ ಪರೀಕ್ಷೆಯಲ್ಲಿ ಜಾಗ ಬಹಳ ಕಡಿಮೆ.

ಹಾಗಾದರೆ ಓದುವುದು ಹೇಗೆ? ಇದಕ್ಕೆ ಮನಶ್ಶಾಸ್ತ್ರಜ್ಞರ ಹಳೆಯ, ಹೊಸ ಪ್ರಯೋಗಗಳಿವೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನವೇ ಸೋರಿಹೋಗುತ್ತದೆ, ಬಿಡುವು ಕೊಟ್ಟು ಮರಳಿ ಮರಳಿ ಕಲಿತದ್ದು ನಿಲ್ಲುತ್ತದೆ ಎಂದು ತೋರಿಸಿದ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನು ಎರಡನೇ ಸಲವೂ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ನೂರಕ್ಕೆ 81, ಬರೆದವರು 75. ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಯಿತು: ಓದಿದವರಿಗೆ 42, ಬರೆದವರಿಗೆ 56. ಎರಡನೇ ಸಲ ಓದುವಾಗ ಎಲ್ಲ ಗೊತ್ತಿದೆ ಎನಿಸುತ್ತದಲ್ಲ, ಆ ಅನಿಸಿಕೆಯೇ ಮೋಸ. ಎಸ್ಸೆಸ್ಸೆಲ್ಸಿ ಓದುವ ಮಕ್ಕಳೂ ಇದನ್ನು ಒಂದು ವಾರ ಮಾಡಿ ನೋಡಬಹುದು, ಖರ್ಚೇನೂ ಇಲ್ಲ.

ಸೋತ ಸಿಸ್ಟರ್ ಮಾಡಬೇಕಾದ ಮೊದಲ ಕೆಲಸ ಆ ವರದಿಯನ್ನು ಗೋಡೆಗೆ ಅಂಟಿಸುವುದು. ‘ಕೆಳಗೆ’ ಎಂದು ಬಂದ ವಿಭಾಗಕ್ಕೆ ಅರ್ಧ ಸಮಯ, ‘ಸಮೀಪ’ಕ್ಕೆ ಉಳಿದದ್ದರಲ್ಲಿ ಹೆಚ್ಚು. ಇಷ್ಟವಾದ ಪಾಠವನ್ನೇ ಮತ್ತೆ ಮತ್ತೆ ಓದುವುದು ಮನುಷ್ಯನ ಸ್ವಭಾವ. ಹೃದಯದ ಪಾಠ ಚೆನ್ನಾಗಿ ಬರುವವಳು ಅದನ್ನೇ ಇನ್ನೊಮ್ಮೆ ಓದಿ ಸಮಾಧಾನಪಟ್ಟುಕೊಳ್ಳುತ್ತಾಳೆ. ಎರಡನೆಯದು ತಪ್ಪುಗಳಿಗೇ ಒಂದು ವಹಿ. ಅಭ್ಯಾಸಕ್ಕೆ ಬಿಡಿಸಿದ ಪ್ರಶ್ನೆಯಲ್ಲಿ ತಪ್ಪಿದ್ದನ್ನೆಲ್ಲ ಅದರಲ್ಲಿ ಬರೆದು, ಪಕ್ಕದಲ್ಲಿ ಏಕೆ ತಪ್ಪಿತೆಂದು ನಮೂದಿಸಬೇಕು: ವಿಷಯವೇ ಗೊತ್ತಿರಲಿಲ್ಲವೇ, ಪ್ರಶ್ನೆ ತಪ್ಪಾಗಿ ಓದಿದೆನೇ, ಎರಡು ಉತ್ತರಕ್ಕಿಳಿಸಿ ಕೊನೆಗೆ ತಪ್ಪಾದುದನ್ನು ಹಿಡಿದೆನೇ? ನೂರು ತಪ್ಪು ತುಂಬುವಷ್ಟರಲ್ಲಿ ರೋಗ ಯಾವುದೆಂದು ಕಾಣತೊಡಗುತ್ತದೆ. ವಿಷಯ ಗೊತ್ತಿಲ್ಲದ ರೋಗಕ್ಕೆ ಪುಸ್ತಕ ಮದ್ದು. ತಪ್ಪಾಗಿ ಓದುವ ರೋಗಕ್ಕೆ ಎಷ್ಟು ಪುಸ್ತಕ ಕೊಂಡರೂ ಗುಣವಿಲ್ಲ, ನಿಧಾನವೇ ಮದ್ದು.

ರಾತ್ರಿ ಪಾಳಿ ಮುಗಿಸಿ ಬಂದು ಆರು ಗಂಟೆ ಓದುತ್ತೇನೆಂದು ಹಟ ಹಿಡಿಯುವವರಿದ್ದಾರೆ. ನಿದ್ದೆಗೆಟ್ಟ ತಲೆಗೆ ಓದಿದ್ದು ಹತ್ತುವುದಿಲ್ಲ. ಎರಡು ಗಂಟೆ ಎಚ್ಚರದ ಓದು, ನಡುವೆ ನಿದ್ದೆ, ಮತ್ತೆ ಒಂದು ಗಂಟೆ ಎಂದರೆ ಸಾಕಾದೀತು.

ಮನೆಯೊಳಗಿನ ಪರೀಕ್ಷೆ

ಸೋತವಳಿಗೆ ಪರೀಕ್ಷೆಗಿಂತ ಕಠಿಣವಾದದ್ದು ಊರು. ಜಾತ್ರೆಗೆ ಬಂದ ಬೀಗರು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮಾಸ್ತರರು, ಕಿರಾಣಿ ಅಂಗಡಿಯವರು, ಎಲ್ಲರದೂ ಒಂದೇ ಮಾತು: “ಅಮೆರಿಕಾಕ್ಕ ಯಾವಾಗ ಹೊಂಟಿ ತಂಗಿ?” ಜನವರಿಯ ಗವಿಮಠದ ಜಾತ್ರೆಗೆ ಇಡೀ ನಾಡು ಕೊಪ್ಪಳಕ್ಕೆ ಬಂದರೂ ಈಕೆ ರಜೆ ಸಿಗಲಿಲ್ಲವೆಂದು ಸುಳ್ಳು ಹೇಳಿ ಬೆಂಗಳೂರಿನಲ್ಲೇ ಉಳಿಯುತ್ತಾಳೆ. ಇದಕ್ಕೆ ಅರ್ಧ ಹೊಣೆ ಮನೆಯವರದೇ. ಅರ್ಜಿ ಹಾಕಿದ ದಿನವೇ ಓಣಿಗೆಲ್ಲ ಪೇಡೆ ಹಂಚಿದರೆ ಫಲಿತಾಂಶದ ದಿನ ಓಣಿ ಕೇಳದೆ ಬಿಟ್ಟೀತೆ? ಪರೀಕ್ಷೆಯ ತಾರೀಖು ಗೊತ್ತಿರಬೇಕಾದವರು ಮನೆಯಲ್ಲಿ ಇಬ್ಬರೋ ಮೂವರೋ. ಅಷ್ಟು ಸಾಕು.

ಸೋತ ಮಗಳಿಗೆ ಪಾಲಕರು ಹೇಳುವ ಮಾತುಗಳು ಎರಡೇ ಬಗೆ. ಒಂದು, “ಇಷ್ಟು ರೊಕ್ಕ ಸುರುವಿದ್ವಿ.” ಇನ್ನೊಂದು, “ಹೋಗ್ಲಿ ಬಿಡವಾ, ಮುಂದಿನ ಸಲ ಆಗೇ ಆಗ್ತದ.” ಮೊದಲನೆಯದು ಚುಚ್ಚುತ್ತದೆಂದು ಎಲ್ಲರಿಗೂ ಗೊತ್ತು. ಎರಡನೆಯದೂ ಹಗುರ ಮಾಡುವುದಿಲ್ಲ. ಆಪರೇಷನ್‌ಗೆ ಅಂಜಿದ ಹೆಂಗಸಿಗೆ ಹೇಳಿದ “ಏನೂ ಆಗಂಗಿಲ್ಲ ಬಿಡ್ರಿ” ಜಾತಿಯ ಮಾತೇ ಇದು. ಮುಂದಿನ ಸಲ ಆಗದಿದ್ದರೆ ಹೇಗೆ ಮುಖ ತೋರಿಸಲಿ ಎಂಬ ಹೊರೆ ಅದರ ಬೆನ್ನಿಗೇ ಬರುತ್ತದೆ. ಅದಕ್ಕಿಂತ, ಯಾವ ಪಾಠ ತೊಡಕಾಯಿತು, ಕೂತಾಗ ಏನಾಯಿತು, ಈಗ ಏನು ಮಾಡಬೇಕೆನಿಸುತ್ತದೆ ಎಂದು ಕೇಳಿ ಸುಮ್ಮನೆ ಕೂಡುವುದು ಮೇಲು. ಓದು ಬಾರದ ತಾಯಿಯೂ ಇದನ್ನು ಮಾಡಬಲ್ಲಳು. ಬಹಳ ಸಲ ಅವಳೇ ಚೆನ್ನಾಗಿ ಮಾಡುತ್ತಾಳೆ.

ಇಲ್ಲಿ ಸರ್ಕಾರ ಮಾಡಿದ ಒಂದು ಒಳ್ಳೆಯ ಕೆಲಸ ನೆನಪಾಗುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ–1, 2, 3 ಎಂದು ವರ್ಷಕ್ಕೆ ಮೂರು ಅವಕಾಶ ಕೊಟ್ಟು, ‘ಪೂರಕ ಪರೀಕ್ಷೆ’ ಎಂಬ ಹೆಸರನ್ನೇ ತೆಗೆದರು. ಮೂರರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. ಹೆಸರು ಬದಲಾದರೆ ಜ್ಞಾನ ಹೆಚ್ಚುತ್ತದೆಯೇ ಎಂದು ಕೇಳುವವರಿದ್ದಾರೆ. ಹೆಚ್ಚುವುದಿಲ್ಲ, ಆದರೆ ನಾಚಿಕೆ ಕಡಿಮೆಯಾದರೆ ಮಗು ಪುಸ್ತಕ ತೆರೆಯುತ್ತದೆ.

ಮಗಳು ಊಟ ಬಿಟ್ಟರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ನಾನಿದ್ದು ಏನು ಪ್ರಯೋಜನ ಎಂಬ ಮಾತು ತೆಗೆದರೆ ಅದನ್ನು ಹಗುರವಾಗಿ ತಳ್ಳಿಹಾಕಬೇಡಿ. 14416ಕ್ಕೆ ಫೋನು ಮಾಡಿದರೆ ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. 2022ರಲ್ಲಿ ಶುರುವಾದ ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನರ್ಸ್ ಆದವಳಿಗೆ ಇದೆಲ್ಲ ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ಗೊತ್ತಿದ್ದರೂ ತನ್ನ ಸಲುವಾಗಿ ಫೋನು ಎತ್ತುವುದಿಲ್ಲ.

ರೊಕ್ಕದ ಮಾತು

ಒಂದು ಸಲ ಕೂಡಲು ಪರೀಕ್ಷೆಯ ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮತ್ತೆ 150 ಡಾಲರ್. ನಮ್ಮ ಲೆಕ್ಕದಲ್ಲಿ ಅದೇ 30 ಸಾವಿರ ರೂಪಾಯಿ ದಾಟುತ್ತದೆ. ಪದವಿಯ ಪರಿಶೀಲನೆ, ರಾಜ್ಯದ ಅರ್ಜಿ, ತರಬೇತಿ ಕೇಂದ್ರದ ಫೀಜು ಬೇರೆ. ಹೊಲದ ಮೇಲೆ ಸಾಲ ಎತ್ತುವ ಮೊದಲು ಅಪ್ಪ ಮಗಳು ಎದುರುಬದುರು ಕೂತು, ಎಷ್ಟು ಸಲ, ಒಟ್ಟು ಎಷ್ಟು ಹಣ, ಯಾವ ವರ್ಷದವರೆಗೆ ಎಂದು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಸೋತ ದಿನದ ರಾತ್ರಿ ಈ ತೀರ್ಮಾನ ಮಾಡಲಾಗದು. ಪಾಸು ಮಾಡಿಸಿಯೇ ಕೊಡುತ್ತೇವೆ, ಪ್ರಶ್ನೆ ಮೊದಲೇ ಕೊಡುತ್ತೇವೆ ಎನ್ನುವವರ ಮನೆ ಬಾಗಿಲು ತುಳಿಯಬಾರದು. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪ್ರಶ್ನೆ ತೆಗೆಯುವ ಕಂಪ್ಯೂಟರಿನ ಪ್ರಶ್ನೆಯನ್ನು ಮೊದಲೇ ಯಾರು ಕೊಟ್ಟಾರು?

ಏಜೆಂಟರು ಸಾಮಾನ್ಯವಾಗಿ ಹೇಳದ ಇನ್ನೊಂದು ಸಂಗತಿ ಇದೆ. ಪಾಸಾದ ಮರುದಿನವೇ ವಿಮಾನ ಹತ್ತಲಾಗದು. ಇಂಗ್ಲಿಷ್ ಪರೀಕ್ಷೆ, ಪ್ರಮಾಣಪತ್ರಗಳ ತಪಾಸಣೆ ಆಗಬೇಕು. ಆಮೇಲೆ ನರ್ಸುಗಳು ಸಾಮಾನ್ಯವಾಗಿ ಹೋಗುವ ಉದ್ಯೋಗ ವೀಸಾದ ಸಾಲಿನಲ್ಲಿ ಭಾರತದವರ ಸರತಿ ಬಲು ಉದ್ದ. 2025ರಲ್ಲಿ ಅದು ಹತ್ತು ವರ್ಷಕ್ಕೂ ಹೆಚ್ಚು ಹಿಂದೆ ಅರ್ಜಿ ಹಾಕಿದವರ ಬಳಿ ಇತ್ತು. ಹಾಗಾಗಿ ಮೂರನೇ ಸಲ ಫೇಲಾದವಳು ‘ಗೆಳತಿ ಪಾಸಾಗಿ ಹೋಗೇಬಿಟ್ಟಳು, ನಾನು ಉಳಿದೆ’ ಎಂದು ಕೊರಗುವಷ್ಟು ಹಿಂದೆ ಬಿದ್ದಿಲ್ಲ. ಗೆಳತಿಯೂ ಸಾಲಿನಲ್ಲಿ ನಿಂತಿರಬಹುದು.

ಈ ನಡುವೆ ಇಲ್ಲಿಯ ಬಾಗಿಲುಗಳನ್ನು ಮುಚ್ಚಿಕೊಳ್ಳುವುದು ಜಾಣತನವಲ್ಲ. ಕೊಪ್ಪಳ ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ 2013ರಿಂದ ಇದೆ. ಈ ಭಾಗದ ಸರ್ಕಾರಿ ನರ್ಸಿಂಗ್ ಹುದ್ದೆಗಳಿಗೆ ಅರ್ಜಿ ಹಾಕುವಾಗ ಆ ಅರ್ಹತಾ ಪತ್ರ ಕೈಯಲ್ಲಿರಬೇಕು. ದೇಶದ ಏಮ್ಸ್ ಆಸ್ಪತ್ರೆಗಳಿಗೆ 2020ರಿಂದ ನಾರ್ಸೆಟ್ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಎನ್‌ಕ್ಲೆಕ್ಸ್‌ಗೆ ಓದಿದ ಔಷಧಶಾಸ್ತ್ರ, ತುರ್ತು ಚಿಕಿತ್ಸೆ ಅಲ್ಲಿ ವ್ಯರ್ಥವಾಗದು. ಓದಿಗೆಂದು ಕೆಲಸ ಬಿಟ್ಟು ಎರಡು ವರ್ಷ ಮನೆಯಲ್ಲಿ ಕೂತವರಿಗಿಂತ ವಾರ್ಡಿನಲ್ಲಿ ಇದ್ದುಕೊಂಡೇ ಓದಿದವರಿಗೆ ಪ್ರಶ್ನೆಯ ರೋಗಿ ಬೇಗ ಕಣ್ಣಿಗೆ ಕಟ್ಟುತ್ತಾನೆ. ಹೊರದೇಶದ ಆಸ್ಪತ್ರೆಗಳೂ ಇತ್ತೀಚಿನ ಅನುಭವವನ್ನೇ ಕೇಳುತ್ತವೆ.

ಯಲಬುರ್ಗಾದ ಆ ಮನೆಗೆ ಮರಳೋಣ. ಮೂರನೇ ಸೋಲಾಗಿ ವಾರ ಕಳೆದಿದೆ. ಮಗಳು ರಜೆ ಹಾಕಿ ಊರಿಗೆ ಬಂದಿದ್ದಾಳೆ. ಕಟ್ಟೆಯ ಮೇಲೆ ಅಪ್ಪನಿಗೆ ವರದಿಯ ಕಾಗದ ತೋರಿಸುತ್ತಾಳೆ: ಮೂರು ವಿಭಾಗದಲ್ಲಿ ಮೇಲೆ, ಮೂರರಲ್ಲಿ ಸಮೀಪ, ಎರಡರಲ್ಲಿ ಕೆಳಗೆ.

“ಕೆಳಗಿನ ಎರಡು ಯಾವುವು?”

“ಒಂದು ಔಷಧದ್ದು. ಇನ್ನೊಂದು ಯಾರಿಗೆ ಯಾವ ಕೆಲಸ ಹಚ್ಚಬೇಕಂತ ಕೇಳೋದು.”

“ಆಳಿಗೆ ಕೆಲಸ ಹಚ್ಚೋದು ನಿಮ್ಮವ್ವನ್ನ ಕೇಳಬೇಕಿತ್ತಲ್ಲ.”

ಒಳಗಿನಿಂದ ಅವ್ವ ಏನೋ ಅಂದಳು, ಮಗಳು ನಕ್ಕಳು. ಈ ಸಲ 45 ದಿನಕ್ಕಲ್ಲ, ಆರು ತಿಂಗಳು ಬಿಟ್ಟು ತಾರೀಖು ತೆಗೆದುಕೊಳ್ಳುವುದೆಂದು ಗೊತ್ತಾಯಿತು. ಅಲ್ಲಿಯತನಕ ಕೆಲಸ ಬಿಡುವುದಿಲ್ಲ. ನಾಳೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೀಟು ಇದೆ. ಸೋಮವಾರದಿಂದ ಪಾಳಿ.